ಆಸ್ಪತ್ರೆಗೆ ಹೋಗುವ ಹ್ಯಾಟು

ಟಲಿಸ್ ಬೆಂಡ್, ಅಲಬಾಮಾ
20 ಜನವರಿ 1991

"ಕೇಳಿರಿ, ಕೇಳಿರಿ, ನೆರೆದ ಮಹಾಜನರೇ! ಹಿಂದಿನ ಬೆಂಚಿನಲ್ಲಿ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿರುವ ಗಂಡಸರೇ, ಮುಂದಿನ ಬೆಂಚಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿರುವ ತಾಯಂದಿರೇ! ಪರದೆ ಏಳುವ ಮುನ್ನ ಒಂದು ಶುಭ ಸಮಾಚಾರ. ಪ್ರೂಯಿಟ್ ಮನೆತನದ ಕಿರಿಯ ಕುಡಿ, ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ ಮಕ್ಕಳಿಗೆ ಗಣಿತ ಕಲಿಸುವ ಮಹಾಮೇಧಾವಿ, ನನ್ನ ಒಬ್ಬಳೇ ತಂಗಿ ವರ್ಲೀನ್, ಬಸುರಿ!"

ಇವತ್ತು ಚರ್ಚಿನಲ್ಲಿ ಹೀಗೇ ಕೂಗಿದೆ ಕಣೇ. ಊರು ಬಿಟ್ಟು ಹೋದವರ ಪತ್ರಗಳನ್ನು ಪ್ರಾರ್ಥನೆಗೆ ಮುಂಚೆ ಓದುವ ಕೆಲಸ ನನ್ನದೇ ತಾನೆ. ಬೇರೆಯವರ ಪತ್ರ ನಾನು ಓದುತ್ತೇನೆ, ನಿನ್ನ ಪತ್ರ ಆಡಿ ತೋರಿಸುತ್ತೇನೆ. ಕಿಟಕಿ ಗಾಜು ನಡುಗುವಷ್ಟು ಜೋರಾಗಿ "ಆಮೆನ್" ಬಂತು. ಪಾದ್ರಿಗೆ ಹೊಟ್ಟೆಯುರಿ. ಅವರ ಪ್ರಸಂಗಕ್ಕೆ ಅದರಲ್ಲಿ ಅರ್ಧವೂ ಬರುವುದಿಲ್ಲ.

ಆರು ತಿಂಗಳು ಆಗುವ ತನಕ ಬಾಯಿ ಬಿಡದೆ ಕೂತೆಯಲ್ಲ, ಕಳ್ಳಿ! ಇರಲಿ. ಈ ಪತ್ರದ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಅಮ್ಮನ ಹ್ಯಾಟು ಇದೆ. ನೇರಳೆ ಬಣ್ಣದ್ದು, ಪಕ್ಕದಲ್ಲಿ ಪುಕ್ಕ ಇರುವುದು. ಅಮ್ಮ ಅದನ್ನು ಎರಡೇ ಕಡೆಗೆ ತೊಡುತ್ತಿದ್ದಳು, ದೇವರ ಮುಂದೆ ಮತ್ತು ಬಿಳಿ ಡಾಕ್ಟರ ಮುಂದೆ. "ಕೆಲಸದ ಬಟ್ಟೇಲಿ ಹೋದ್ರೆ ಅವರು ನಮ್ಮನ್ನ ನೋಡಲ್ಲ ಥಾಡಿಯಸ್, ಬಟ್ಟೆ ನೋಡ್ತಾರೆ" ಅನ್ನುತ್ತಿದ್ದಳು. ನೀನೂ ಹಾಗೇ ಮಾಡು. ಆಸ್ಪತ್ರೆಗೆ ಹೋಗುವಾಗ ನೀಲಿ ಉಡುಪು, ಈ ಹ್ಯಾಟು, ತುಟಿಗೆ ಬಣ್ಣ. ಗದ್ದ ಮೇಲೆ, ಬೆನ್ನು ನೆಟ್ಟಗೆ. ಮಾತು ಪಾಠ ಹೇಳುವಾಗಿನ ಹಾಗೆ ಸ್ಪಷ್ಟವಾಗಿರಲಿ. ನಾನು ಕಲಿಸಿದ್ದು ನೆನಪಿದೆ ತಾನೆ? ಪಾತ್ರಧಾರಿ ನೋವನ್ನು ಒಳಗೆ ಇಟ್ಟುಕೊಳ್ಳಬೇಕು, ಸಭೆಗೆ ಬೆನ್ನು ತೋರಿಸಬಾರದು.

ರಾಸ್ಕೋನಿಗೆ ಹೇಳು, ಉಕ್ಕಿನ ಕಾರ್ಖಾನೆಯಲ್ಲಿ ಹಗಲು ಪಾಳಿ ಕೇಳಿಕೊಳ್ಳಲಿ ಅಂತ.

ನಿನ್ನ ಅಣ್ಣ,
ಥಾಡಿಯಸ್
(ಶಾಲಾ ಬಸ್ಸಿನ ಸಾರಥಿ, ಮೌಂಟ್ ನೀಬೋ ಚರ್ಚಿನ ಈಸ್ಟರ್ ನಾಟಕದ ನಿರ್ದೇಶಕ ಹಾಗೂ ಪಿಲಾತ)


ಕ್ಲೀವ್‌ಲ್ಯಾಂಡ್, ಒಹಾಯೋ
17 ಫೆಬ್ರವರಿ 1991

ಅಣ್ಣಾ,

ಹ್ಯಾಟು ಬಂತು. ತೊಟ್ಟುಕೊಂಡು ಕನ್ನಡಿ ಮುಂದೆ ನಿಂತರೆ ಅಮ್ಮನೇ ಎದುರು ನಿಂತು "ಮೊಣಕೈ ಕೆಳಗಿಳಿಸು" ಅಂದ ಹಾಗಾಯಿತು.

ಚರ್ಚಿನಲ್ಲಿ ಓದುತ್ತೀಯ ಅಂತ ಗೊತ್ತಿರುವುದರಿಂದ ನಗಿಸುವಂಥದ್ದೇ ಬರೆಯುತ್ತೇನೆ. ನನ್ನ ಪಾದಗಳು ನನ್ನ ಮಾತು ಕೇಳುವುದನ್ನು ಬಿಟ್ಟಿವೆ. ಬೆಳಗ್ಗೆ ಪಾದ, ಸಂಜೆಗೆ ಉಬ್ಬಿದ ಬ್ರೆಡ್ಡು. ನನ್ನ ಚಪ್ಪಲಿ ಒಂದೂ ಹಿಡಿಸುವುದಿಲ್ಲ, ಈಗ ರಾಸ್ಕೋನ ಕಾರ್ಖಾನೆ ಬೂಟು ಹಾಕಿಕೊಂಡು ತರಗತಿಗೆ ಹೋಗುತ್ತೇನೆ. ಹುಡುಗರು ನನಗೆ "ಫೋರ್‌ಮನ್" ಅಂತ ಹೆಸರಿಟ್ಟಿದ್ದಾರೆ. ಮೊನ್ನೆ ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆಯುತ್ತಾ ಇದ್ದೆ, ಕಣ್ಣ ಮುಂದೆ ಮಿಂಚುಹುಳುಗಳು ಕುಣಿದವು. ಫೆಬ್ರವರಿಯಲ್ಲಿ, ಹಿಮದಲ್ಲಿ, ಮಿಂಚುಹುಳು! ಅಲಬಾಮಾದಿಂದ ನನ್ನನ್ನು ಹುಡುಕಿಕೊಂಡು ಬಂದಿರಬೇಕು.

ಮುಖವೂ ದುಂಡಗಾಗಿದೆ. ರಾಸ್ಕೋ "ನಿಮ್ಮಣ್ಣನ ಮುಖಾನೇ ತಂದು ಅಂಟಿಸಿದ ಹಾಗಿದೆ" ಅಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಎಲ್ಲರಿಗೂ ನನ್ನ ನಮಸ್ಕಾರ ಹೇಳು. ಎರ್ಮಾ ದೊಡ್ಡಮ್ಮನಿಗೆ ಪೀಚ್ ಹಣ್ಣಿನ ಉಪ್ಪಿನಕಾಯಿ ಕಳಿಸಲು ಹೇಳು, ಉಪ್ಪು ಕಮ್ಮಿ ಹಾಕಿ. ಡಾಕ್ಟರು ಉಪ್ಪು ಬೇಡ ಅಂದಿದ್ದಾರೆ.

ವರ್ಲೀನ್


ಟಲಿಸ್ ಬೆಂಡ್
4 ಮಾರ್ಚ್ 1991

ವರ್ಲೀನ್,

ನಿನ್ನೆ ನಿನ್ನ ಅಣ್ಣ ರಂಗದ ಮೇಲೆ ಸೋತ.

ನಿನ್ನ ಪತ್ರವನ್ನು ಹೇಗೆ ಆಡಿದೆ ಅಂತೀಯ! ಬ್ರೆಡ್ಡಿನ ಪಾದ ಬಂದಾಗ ಬಾತುಕೋಳಿಯ ಹಾಗೆ ನಡೆದೆ. ಮಿಂಚುಹುಳು ಬಂದಾಗ ಎರಡೂ ಕೈಯಲ್ಲಿ ಗಾಳಿಯನ್ನು ಹಿಡಿಹಿಡಿದು ಕೋಟಿನ ಜೇಬಿಗೆ ತುಂಬಿಕೊಂಡೆ. ಗಂಡಸರು ಬೆಂಚು ಬಡಿದು ನಕ್ಕರು. ಚರ್ಚಿನ ಹಿರಿಯ ಡೀಕನ್ ಪರ್ಡಿಗೆ ಕೆಮ್ಮು ಹತ್ತಿತು.

ಆದರೆ ಹೆಂಗಸರು? ಒಬ್ಬಳೂ ನಗಲಿಲ್ಲ. ಬೀಸಣಿಗೆಗಳೆಲ್ಲ ಒಮ್ಮೆಗೇ ನಿಂತುಬಿಟ್ಟವು. ಬಾತುಕೋಳಿಯನ್ನು ಮತ್ತೊಮ್ಮೆ ಮಾಡಿ ತೋರಿಸಿದೆ, ಸ್ವಲ್ಪ ಜಾಸ್ತಿ ಸೊಂಟ ಕುಣಿಸಿ. ಊಹುಂ. ಎರ್ಮಾ ದೊಡ್ಡಮ್ಮ ನಡುವೆ ಎದ್ದು ಹೊರಗೆ ಹೋದಳು. ಮೂವತ್ತು ವರ್ಷದಲ್ಲಿ ನನ್ನ ಆಟದ ನಡುವೆ ಎದ್ದು ಹೋದವರು ಯಾರೂ ಇಲ್ಲ!

ಆಮೇಲೆ ಮೆಟ್ಟಿಲ ಹತ್ತಿರ ಅಡ್ಡಗಟ್ಟಿದೆ. "ಏನು ದೊಡ್ಡಮ್ಮಾ, ಆಟ ಹಿಡಿಸ್ಲಿಲ್ವಾ?"

"ನನ್ನ ಕ್ಲಾರಿಸ್ಸೂ ಚಪ್ಪಲಿ ವಿಷ್ಯದಲ್ಲಿ ಹೀಗೇ ನಗಿಸ್ತಿದ್ಲು" ಅಂದಳು. "ನೀನು ಉತ್ತರಕ್ಕೆ, ವರ್ಲೀನ್ ಹತ್ರ ಹೋಗು ಥಾಡಿಯಸ್. ನಿನ್ನ ಆ ಗಂಟಲು ತಗೊಂಡು ಹೋಗು. ಅವಳ ಪಕ್ಕ ಕೂತ್ಕೊಂಡು ಡಾಕ್ಟ್ರ ಕಿವೀಲಿ ಕಿರುಚು."

ಪಾಪ, ಮಗಳನ್ನು ಹೆರಿಗೆಯಲ್ಲಿ ಕಳೆದುಕೊಂಡವಳು, ಎಲ್ಲ ಬಸುರಿಯರಲ್ಲೂ ಕ್ಲಾರಿಸ್ಸಳನ್ನೇ ಕಾಣುತ್ತಾಳೆ. "ದೊಡ್ಡಮ್ಮಾ, ಅದು ಹಳ್ಳಿಯ ಕಥೆ, ಇಲ್ಲಿ ಹೆರಿಗೆ ಡಾಕ್ಟರೇ ಇರಲಿಲ್ಲ. ವರ್ಲೀನ್ ಇರೋದು ದೊಡ್ಡ ಪಟ್ಟಣದಲ್ಲಿ. ಕಾಲೇಜು ಓದಿದಾಳೆ, ವಿಮೆ ಇದೆ, ಆಸ್ಪತ್ರೆ ಏಳು ಅಂತಸ್ತಿಂದು" ಅಂತ ಸಮಾಧಾನ ಹೇಳಿದೆ. ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ರಂಗದ ಮೇಲೆ ತರಲು ನನಗಿನ್ನೂ ಬಂದಿಲ್ಲ.

ನಿನ್ನಲ್ಲಿಗೆ ಬರಲಿಕ್ಕಾದರೂ ನನಗೆ ಎಲ್ಲಿ ಆಗುತ್ತದೆ? ಈಸ್ಟರ್ ನಾಟಕ ತಲೆಯ ಮೇಲೆ ಕೂತಿದೆ. ಈ ಸಲ ಯೇಸುವನ್ನು ಶಿಲುಬೆಗೆ ಒಪ್ಪಿಸಿ "ಈ ರಕ್ತದಲ್ಲಿ ನನ್ನ ಪಾಲಿಲ್ಲ" ಅಂತ ಪಿಲಾತ ಕೈ ತೊಳೆಯುವುದಕ್ಕೆ ನಿಜವಾದ ತಾಮ್ರದ ಬೋಗುಣಿ ಸಿಕ್ಕಿದೆ. ನೀರು ಬೀಳುವ ಸದ್ದು ಕೊನೆಯ ಬೆಂಚಿಗೆ ಕೇಳುತ್ತದೆ.

ಅಣ್ಣ


ಕ್ಲೀವ್‌ಲ್ಯಾಂಡ್
12 ಮಾರ್ಚ್ 1991

ಅಣ್ಣಾ,

ಇದನ್ನು ಚರ್ಚಿನಲ್ಲಿ ಓದಬೇಡ.

ನಿನ್ನ ಪತ್ರದಲ್ಲಿ ಬೀಸಣಿಗೆ ನಿಂತ ಜಾಗವನ್ನು ಮತ್ತೆ ಮತ್ತೆ ಓದಿದೆ. ಎರ್ಮಾ ದೊಡ್ಡಮ್ಮನಿಗೆ ನಾನು ಚೆನ್ನಾಗಿದ್ದೇನೆ ಅಂತ ಹೇಳು. ತಲೆನೋವು ಒಂದು ಬಿಟ್ಟರೆ.

ನೀನು ಹೇಳಿದ ಹಾಗೇ ಆಸ್ಪತ್ರೆಗೆ ಹೋಗಿದ್ದೆ. ನೀಲಿ ಉಡುಪು, ಅಮ್ಮನ ಹ್ಯಾಟು, ತುಟಿಗೆ ಬಣ್ಣ. ಬೆರಳು ಊದಿಕೊಂಡು ಮದುವೆಯ ಉಂಗುರ ಬಿಗಿಯಾಗಿತ್ತು. ಸೋಪು ಹಚ್ಚಿ ತೆಗೆದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೆ. ಉಡುಪಿನ ಒಳಗೆ. ಅದೇ ತಪ್ಪಾಯಿತು. ಹೆಸರು ಬರೆದುಕೊಳ್ಳುವ ಹೆಂಗಸು ಮೊದಲು ನನ್ನ ಬರೀ ಬೆರಳು ನೋಡಿದಳು, ಆಮೇಲೆ ಹೊಟ್ಟೆ ನೋಡಿದಳು. "ಮಗುವಿನ ತಂದೆ ಯಾರು ಅಂತ ಗೊತ್ತಿದ್ಯಾ?" ಅಂತ ಕೇಳಿದಳು. ಮೆಲ್ಲಗೆ ಅಲ್ಲ. ಬೆಂಚಿನ ಮೇಲೆ ಕೂತವರೆಲ್ಲ ಕೇಳುವ ಹಾಗೆ. ನಾನು ದಾರ ಹೊರಗೆಳೆದು ಉಂಗುರ ತೋರಿಸಿದೆ. ಕದ್ದ ಮಾಲು ತೋರಿಸುವವಳ ಹಾಗೆ.

ಡಾಕ್ಟರು ಬಂದರು. ತಲೆನೋವು ಅಂದೆ. ಮಿಂಚು ಅಂದೆ. ಪಕ್ಕೆಲುಬಿನ ಕೆಳಗೆ ಚುಚ್ಚುತ್ತದೆ ಅಂದೆ. ಒಂದೊಂದೇ, ಸ್ಪಷ್ಟವಾಗಿ, ನೀನು ಕಲಿಸಿದ ಹಾಗೆ, ನಗುಮುಖದಲ್ಲಿ. ಅವರು ನನ್ನತ್ತ ನೋಡಿ ನಕ್ಕರು. "ಇಷ್ಟು ಅಂದವಾಗಿ ಅಲಂಕಾರ ಮಾಡ್ಕೊಂಡು ಬರೋವಷ್ಟು ಶಕ್ತಿ ಇದೆಯಲ್ಲಮ್ಮ. ನಿಜವಾಗ್ಲೂ ಕಾಯಿಲೆ ಇರೋರು ಹೀಗಿರಲ್ಲ. ಮನೆಗೆ ಹೋಗಿ ರೆಸ್ಟ್ ತಗೋ" ಅಂದರು. ಆಮೇಲೆ ಮೂಲೆಯ ನಲ್ಲಿಯಲ್ಲಿ ಕೈ ತೊಳೆದುಕೊಂಡರು. ನನ್ನನ್ನು ಮುಟ್ಟಿಯೂ ಇರಲಿಲ್ಲ ಅಣ್ಣಾ.

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಹ್ಯಾಟು ತೆಗೆದೆ. ಹಣೆಯ ಮೇಲೆ ಅದರ ಅಂಚಿನ ಗುರುತು ಸಂಜೆಯವರೆಗೂ ಹಾಗೇ ಇತ್ತು.

ಈಸ್ಟರ್ ಮುಗಿದ ಮೇಲೆ ಬಂದು ಹೋಗುತ್ತೀಯಾ? ಅಂಥ ಅವಸರ ಏನಿಲ್ಲ.

ವರ್ಲೀನ್


ಟಲಿಸ್ ಬೆಂಡ್
18 ಮಾರ್ಚ್ 1991

ನನ್ನ ಪುಟ್ಟ ತಂಗಿ,

ಆ ಗುಮಾಸ್ತೆಯ ನಾಲಿಗೆಗೆ ಬೆಂಕಿ ಬೀಳಲಿ! ನಿನ್ನ ಪತ್ರ ಓದಿ ಬಸ್ಸಿನಲ್ಲಿ ಒಬ್ಬನೇ ಕೂತು ಹಾರ್ನ್ ಒತ್ತಿದೆ. ಹಸುಗಳು ಬೇಲಿ ಹಾರಿದವು.

ಆದರೆ ಡಾಕ್ಟರ ಮಾತು ಕೇಳಿ ಎದೆ ಹಗುರವಾಯಿತು. ಅಷ್ಟು ಓದಿದವರು ಚೆನ್ನಾಗಿದ್ದೀಯ ಅಂದರೆ ಚೆನ್ನಾಗಿದ್ದೀಯ ಅಂತಲೇ. ತಲೆನೋವು ನಿನ್ನ ಮಕ್ಕಳ ಲೆಕ್ಕದ ಪುಸ್ತಕ ತಿದ್ದಿ ಬಂದದ್ದು. ಮುಂದಿನ ಸಲ ಒಂದು ಕೆಲಸ ಮಾಡು. ಅಂಗಡಿಯಿಂದ ದೊಡ್ಡ ಅಳತೆಯ ಒಂದು ಹಿತ್ತಾಳೆ ಉಂಗುರ ತಂದು ಹಾಕಿಕೋ. ನಾಟಕದಲ್ಲಿ ನಾವು ರಾಣಿಯರಿಗೆ ಹಾಕುವುದು ಅದನ್ನೇ, ಮೂರನೇ ಬೆಂಚಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಮತ್ತೆ ಬೆನ್ನು ನೆಟ್ಟಗೆ. ನರಳಬೇಡ. ನೀನು ಒಂದು ಸಲ ನರಳಿದರೆ "ಈ ಕರಿಯರದ್ದು ಇದ್ದದ್ದೇ" ಅಂತಾರೆ.

ಈಸ್ಟರ್ ಸೋಮವಾರ ಬಸ್ಸು ಹತ್ತುತ್ತೇನೆ, ಖಂಡಿತ. ಎರ್ಮಾ ದೊಡ್ಡಮ್ಮ ದಿನಾ ಬಂದು "ಹೊರಟ್ಯಾ?" ಅಂತಾಳೆ. ನಿನ್ನೆ ನನ್ನ ಪೆಟ್ಟಿಗೆಯನ್ನು ತಾನೇ ಅಟ್ಟದಿಂದ ಇಳಿಸಿ ಬಾಗಿಲಲ್ಲಿಟ್ಟು ಹೋದಳು. ಪಿಲಾತ ಇಲ್ಲದೆ ನಾಟಕ ಹೇಗೆ ನಡೆಸಲಿ ಹೇಳು?

ಅಣ್ಣ


ಕ್ಲೀವ್‌ಲ್ಯಾಂಡ್, ಆಸ್ಪತ್ರೆ
25 ಮಾರ್ಚ್ 1991

ಅಣ್ಣಾ,

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಓಡಾಡುತ್ತಿವೆ, ಕ್ಷಮಿಸು. ಬೆಳಗ್ಗೆಯಿಂದ ಕೂತಿದ್ದೇನೆ. ರಾಸ್ಕೋ ಪಾಳಿ ಮುಗಿಸಿಕೊಂಡು ಬರುತ್ತಾನೆ.

ಹಿತ್ತಾಳೆ ಉಂಗುರ ಹಾಕಿಕೊಂಡಿದ್ದೇನೆ. ಹ್ಯಾಟೂ ಇದೆ. ತಲೆಯೇ ಒಡೆದು ಹೋಗುವಂತಿದೆ, ಆದರೂ ತೆಗೆದಿಲ್ಲ. ತೆಗೆದರೆ ನಾನು ಯಾರು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ?

ಸ್ವಲ್ಪ ಹೊತ್ತಿನ ಹಿಂದೆ ಒಬ್ಬ ಬಿಳಿ ಹೆಂಗಸು ಬಂದಳು. ನನ್ನ ಹಾಗೇ ಬಸುರಿ. ಮನೆಯ ಚಪ್ಪಲಿ, ಬಾಚದ ಕೂದಲು, ಗಂಡನ ಅಂಗಿ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು "ನಂಗೆ ಆಗ್ತಾ ಇಲ್ಲ, ನಂಗೆ ಆಗ್ತಾ ಇಲ್ಲ" ಅಂತ ಅಳುತ್ತಿದ್ದಳು. ನರ್ಸು ಗಾಲಿಕುರ್ಚಿ ತಂದಳು. ಇನ್ನೊಬ್ಬಳು ಓಡಿ ಬಂದು ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿದಳು. ಬಾಗಿಲು ಮುಚ್ಚಿತು. ಒಳ್ಳೆಯದೇ ಆಯಿತು, ಪಾಪ ಹುಡುಗಿ. ನಾನು ಅವಳನ್ನು ದೂರುವುದಿಲ್ಲ. ಆದರೆ ನೋಡಿದೆಯಾ ಅಣ್ಣಾ, ಅವಳಿಗೆ ಏನೂ ಆಡಿ ತೋರಿಸುವ ಅಗತ್ಯ ಬೀಳಲಿಲ್ಲ. ನೋವು ಅಂದಳು, ನೋವು ಅಂತ ನಂಬಿದರು.

ನಾನು ಎದ್ದು ಹೋಗಿ ಕೇಳಿದೆ. "ಮೇಡಂ, ನನಗೂ ಪಟ್ಟಿ ಕಟ್ಟಿ ನೋಡ್ತೀರಾ?"

"ನೀವು ಆರಾಮಾಗಿ ಕಾಣ್ತಿದ್ದೀರ. ಕೂತ್ಕೊಳ್ಳಿ, ಕರೀತೀವಿ."

ಕೂತಿದ್ದೇನೆ. ಬೆನ್ನು ನೆಟ್ಟಗೆ ಇದೆ. ಮಿಂಚುಹುಳು ಇವತ್ತು ತುಂಬ. ಹೆಸರು ಕರೆದ ಹಾಗಾಯಿತು.

ಇಲ್ಲ, ಬೇರೆ ಯಾರದ್ದೋ


ಕ್ಲೀವ್‌ಲ್ಯಾಂಡ್
14 ಏಪ್ರಿಲ್ 1991

ಕೇಳಿರಿ, ಮೌಂಟ್ ನೀಬೋ ಚರ್ಚಿನ ನೆರೆದ ಮಹಾಜನರೇ!

ಊರು ಬಿಟ್ಟು ಹೋದವರ ಪತ್ರ ಓದುತ್ತಿದ್ದ ಥಾಡಿಯಸ್ ಪ್ರೂಯಿಟ್ ಈಗ ತಾನೂ ದೂರದಿಂದ ಬರೆಯುತ್ತಿದ್ದಾನೆ. ಇದನ್ನು ಎರ್ಮಾ ದೊಡ್ಡಮ್ಮ ಓದಬೇಕು. ಡೀಕನ್ ಪರ್ಡಿಗೆ ಕೊಡಬೇಡಿ, ಆತ ನುಂಗಿ ನುಂಗಿ ಓದುತ್ತಾನೆ. ದೊಡ್ಡಮ್ಮಾ, ಕೊನೆಯ ಬೆಂಚಿಗೆ ಕೇಳುವ ಹಾಗೆ ಓದು.

ವರ್ಲೀನ್ ಇಲ್ಲ ಅನ್ನುವುದು ನಿಮಗೆ ಗೊತ್ತು. ಅವಳನ್ನು ಇಲ್ಲೇ, ಸರೋವರದ ಗಾಳಿ ಬೀಸುವ ದಿಬ್ಬದಲ್ಲಿ, ಮಣ್ಣು ಮಾಡಿದೆವು. ಹೇಗೆ ಹೋದಳು ಅನ್ನುವುದು ಗೊತ್ತಿಲ್ಲ. ಅದನ್ನು ನಾನು ಹೇಳುತ್ತೇನೆ.

ಆ ಬೆಂಚಿನ ಮೇಲೆಯೇ ಅವಳಿಗೆ ಫಿಟ್ಸ್ ಬಂತು. ಹ್ಯಾಟು ನೆಲಕ್ಕೆ ಬಿತ್ತು. ಆಗ ಓಡಿ ಬಂದರು. ಆಗ ಪಟ್ಟಿ ಕಟ್ಟಿದರು. ಆಗ ಗಾಲಿಕುರ್ಚಿ ಸಿಕ್ಕಿತು. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಮಗು. ಬದುಕಿದೆ. ತಾಯಿಯ ತಲೆಯೊಳಗೆ ರಕ್ತನಾಳ ಒಡೆದಿತ್ತು. ಆ ರಾತ್ರಿಯೇ ಹೋದಳು. ಒಂದು ಬಟ್ಟೆಯ ಪಟ್ಟಿ ಮಹಾಜನರೇ! ತೋಳಿಗೆ ಕಟ್ಟಿ ಗಾಳಿ ಊದಿದರೆ ಸಾಕಾಗಿತ್ತು. ಗೋಡೆಗೆ ತೂಗುಹಾಕಿತ್ತು ಅದು, ಅವಳ ತಲೆಯ ಮೇಲೆಯೇ. ನಾನು ಕಣ್ಣಾರೆ ನೋಡಿ ಬಂದೆ.

ರಾಸ್ಕೋ ಪಾಳಿ ಮುಗಿಸಿ ಬಂದಾಗ ಹೆಂಡತಿ ಎಲ್ಲಿ ಅಂತ ಯಾರೂ ಹೇಳಲಿಲ್ಲ. ಆತ ಕೂಗಿದ. ಮೈಯೆಲ್ಲ ಕಾರ್ಖಾನೆಯ ಮಸಿ, ದೊಡ್ಡ ಆಳು, ಕಪ್ಪು ಮುಖ. ಕಾವಲಿನವನು ಸೊಂಟದ ಮೇಲೆ ಕೈಯಿಟ್ಟು ಬಂದ. "ಶಾಂತವಾಗಿ ಮಾತಾಡು, ಇಲ್ಲದಿದ್ರೆ ಹೊರಗೆ ಹಾಕ್ತೀನಿ." ಹೊರಗೂ ಹಾಕಿದ. ಹೆಂಡತಿ ಜೀವ ಬಿಡುವಾಗ ರಾಸ್ಕೋ ಹಿಮದಲ್ಲಿ ನಿಂತು ಗಾಜಿನ ಬಾಗಿಲು ಬಡಿಯುತ್ತಿದ್ದ.

ಈಗ ಲೆಕ್ಕ ಹಾಕಿರಿ, ನನ್ನ ತಂಗಿ ಇದ್ದಿದ್ದರೆ ಅವಳೇ ಹಾಕುತ್ತಿದ್ದಳು. ಸುಮ್ಮನೆ ಕೂತವಳನ್ನು "ಆರಾಮಾಗಿದ್ದೀಯ" ಅಂದು ಕೂರಿಸಿದರು. ಕೂಗಿದವನನ್ನು ಹೊರಗೆ ಹಾಕಿದರು. ಚೆನ್ನಾಗಿ ಉಟ್ಟರೆ ಕಾಯಿಲೆಯಿಲ್ಲ. ಚೆನ್ನಾಗಿ ಉಡದಿದ್ದರೆ ಮರ್ಯಾದೆಯಿಲ್ಲ. ಹಾಗಾದರೆ ಈ ನಾಟಕದಲ್ಲಿ ನಮಗೆ ಯಾವ ಪಾತ್ರ ಬರೆದಿದ್ದಾರೆ? ಹೆಣದ ಪಾತ್ರ ಒಂದೇ!

ಹ್ಯಾಟು ಕಳಿಸಿದ್ದು ನಾನು ಅಂತ ಹಲವು ದಿನ ಎದೆ ಬಡಿದುಕೊಂಡೆ. ಬೆನ್ನು ನೆಟ್ಟಗಿರಲಿ ಅಂದದ್ದು ನಾನು, ನರಳಬೇಡ ಅಂದದ್ದು ನಾನು. ಎರ್ಮಾ ದೊಡ್ಡಮ್ಮ ಪೆಟ್ಟಿಗೆ ಇಳಿಸಿದಾಗಲೂ ಹೊರಡದವನು ನಾನು. ಅದನ್ನು ನಾನು ಹೊತ್ತುಕೊಂಡೇ ಸಾಯುತ್ತೇನೆ. ಆದರೆ ನಮ್ಮ ಅಮ್ಮಂದಿರು ಹ್ಯಾಟು ಯಾಕೆ ತೊಟ್ಟರು? ಬರೀ ತಲೆಯಲ್ಲಿ ಹೋದರೆ ಮನುಷ್ಯರು ಅಂತ ನೋಡುವವರೇ ಇರಲಿಲ್ಲ, ಅದಕ್ಕೆ. ನನ್ನ ತಪ್ಪಿನ ಹಿಂದೆ ಆ ಡಾಕ್ಟರು ಅವಿತುಕೊಳ್ಳಲು ನಾನು ಬಿಡುವುದಿಲ್ಲ.

ಶುಕ್ರವಾರ ಆಸ್ಪತ್ರೆಯ ದೊಡ್ಡ ಅಧಿಕಾರಿಯನ್ನು ನೋಡಿ ಬಂದೆ. ನಾನು ನನ್ನ ಕಪ್ಪು ಕೋಟಿನಲ್ಲಿ, ಟೈ ಕಟ್ಟಿ, ಬೂಟಿಗೆ ಪಾಲಿಶ್ ಹಾಕಿ ಹೋಗಿದ್ದೆ. ಅಭ್ಯಾಸ ಬಿಡಬೇಕಲ್ಲ! ಕಾಫಿ ಕೊಟ್ಟರು. ನಯವಾದ ಮನುಷ್ಯ.

"ತುಂಬಾ ದುಃಖದ ವಿಷಯ ಮಿಸ್ಟರ್ ಪ್ರೂಯಿಟ್. ಆದ್ರೆ ಇದು ಅಪರೂಪದ ಪ್ರಕರಣ. ಸಾವಿರಾರು ಜನರಲ್ಲಿ ಒಬ್ರಿಗೆ ಆಗುವಂಥದ್ದು."

"ನನ್ನ ತಂಗಿ ಇದೇ ವಿಷಯ ಎರಡು ಸಲ ಬಂದು ಹೇಳಿದ್ದಾಳೆ ಸಾರ್."

"ಅವರು ನೋಡೋಕೆ ಚೆನ್ನಾಗಿದ್ರು ಅಂತ ಎಲ್ಲರೂ ಹೇಳ್ತಾರೆ. ಬಹಳ ಘನತೆಯ ಹೆಣ್ಣುಮಗಳು."

ಘನತೆ! ಆಮೇಲೆ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಅದರಲ್ಲಿ ಹ್ಯಾಟು, ದಾರದಲ್ಲಿ ಪೋಣಿಸಿದ ಚಿನ್ನದ ಉಂಗುರ, ಕತ್ತರಿಸಿ ತೆಗೆದ ಹಿತ್ತಾಳೆ ಉಂಗುರ, ಮತ್ತು ನನಗೆ ಬರೆದು ಮುಗಿಸದ ಪತ್ರ. ಅದನ್ನು ಇದರ ಜೊತೆ ಕಳಿಸಿದ್ದೇನೆ. ಅವಳು ಚರ್ಚಿನಲ್ಲಿ ಓದಬೇಡ ಅಂದ ಇನ್ನೊಂದು ಪತ್ರವನ್ನೂ ಕಳಿಸಿದ್ದೇನೆ. ಎರಡನ್ನೂ ಓದಿರಿ. ಯಾರೂ ಆಡಿ ತೋರಿಸಬೇಡಿ, ಸುಮ್ಮನೆ ಓದಿರಿ.

ಎರ್ಮಾ ದೊಡ್ಡಮ್ಮಾ, ಇಲ್ಲಿ ನಿಲ್ಲಿಸು. ತಲೆ ಎತ್ತು. ಮಹಾಜನರೇ, ಮಗಳನ್ನೋ ಅಕ್ಕನನ್ನೋ ಹೆಂಡತಿಯನ್ನೋ ಹೆತ್ತ ತಾಯಿಯನ್ನೋ ಹೆರಿಗೆಯಲ್ಲಿ ಕಳೆದುಕೊಂಡವರು ಎದ್ದು ನಿಲ್ಲಿರಿ. ಡೀಕನ್ ಪರ್ಡಿ, ನೀನೂ ಏಳು. ನಿನ್ನ ಮೊದಲ ಹೆಂಡತಿಯ ಹೆಸರು ಈ ಇಪ್ಪತ್ತು ವರ್ಷದಲ್ಲಿ ನಿನ್ನ ಬಾಯಲ್ಲಿ ಬಂದದ್ದಿಲ್ಲ. ನಿಂತಿರಾ? ಈಗ ಅಕ್ಕಪಕ್ಕ ನೋಡಿಕೊಳ್ಳಿರಿ. ಚರ್ಚಿನಲ್ಲಿ ಕೂತವರು ಎಷ್ಟು ಜನ ಉಳಿದರು?

ಇದು ಅಪರೂಪವಂತೆ.

ಆ ದಿನ ಬೀಸಣಿಗೆ ನಿಂತದ್ದು ಯಾಕೆ ಅಂತ ನನಗೆ ಈಗ ಅರ್ಥವಾಯಿತು. ನಾನು ಸಭೆ ಚೆನ್ನಾಗಿಲ್ಲ ಅಂದುಕೊಂಡಿದ್ದೆ.

ದೊಡ್ಡಮ್ಮಾ, ತಾಮ್ರದ ಬೋಗುಣಿಯನ್ನು ಚರ್ಚಿನ ಭಾನುವಾರದ ಶಾಲೆಯ ಮಕ್ಕಳಿಗೆ ಹೂವು ಇಡಲು ಕೊಟ್ಟುಬಿಡು. ನಾನು ಇನ್ನು ಪಿಲಾತನ ಪಾತ್ರ ಮಾಡುವುದಿಲ್ಲ. ಆ ಪಾತ್ರಕ್ಕೆ ಇಲ್ಲಿ ಜನ ಬೇಕಾದಷ್ಟಿದ್ದಾರೆ, ಎಲ್ಲರ ಮೂಲೆಯಲ್ಲೂ ನಲ್ಲಿಯಿದೆ.

ಮಗುವಿಗೆ ಕ್ಲಾರಿಸ್ ವರ್ಲೀನ್ ಅಂತ ಹೆಸರಿಟ್ಟಿದ್ದೇವೆ. ಗಂಟಲು ನನ್ನದೇ. ಹಸಿವಾದರೆ ಕಿರುಚುತ್ತದೆ, ನೋವಾದರೆ ಕಿರುಚುತ್ತದೆ. ರಾಸ್ಕೋ "ಶ್ಶ್" ಅನ್ನಲು ಬಾಯಿ ತೆರೆದ, ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದೆ.

ಈಗ ಹೊರಗೆ ಕತ್ತಲು ಕವಿಯುತ್ತಿದೆ, ಪತ್ರ ಅಂಚೆಗೆ ಹಾಕಬೇಕು. ನಾಳೆ ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆರೆದ ಕೂಡಲೇ ನಾನು ಒಳಗೆ ಹೋಗುತ್ತೇನೆ. ಕೋಟಿಲ್ಲ, ಟೈ ಇಲ್ಲ. ಬಸ್ಸು ಓಡಿಸುವ ಹಳೆಯ ಅಂಗಿ, ಕಾಲಿಗೆ ಮನೆಯ ಚಪ್ಪಲಿ, ಬಾಚದ ತಲೆ. ಅಮ್ಮನ ಹ್ಯಾಟನ್ನು ಆ ಬೆಂಚಿನ ಮೇಲೆ, ಅವಳು ಕೂತಿದ್ದ ಜಾಗದಲ್ಲಿ ಇಡುತ್ತೇನೆ. ರಾಸ್ಕೋ ಮಗುವನ್ನು ಎತ್ತಿಕೊಂಡು ನನ್ನ ಪಕ್ಕ ನಿಲ್ಲುತ್ತಾನೆ. ಕಾವಲಿನವನು ಹೊರಗೆ ಎಳೆದರೆ ಮೆಟ್ಟಿಲ ಮೇಲೆ ನಿಲ್ಲುತ್ತೇನೆ, ಮೆಟ್ಟಿಲಿಂದ ಎಳೆದರೆ ಬೀದಿಯಲ್ಲಿ ನಿಲ್ಲುತ್ತೇನೆ. ನಿಂತು, ಮೂವತ್ತು ವರ್ಷ ನಿಮ್ಮ ಕಿಟಕಿ ಗಾಜು ನಡುಗಿಸಿದ ಈ ಗಂಟಲಿನಿಂದ, ಏಳನೇ ಅಂತಸ್ತಿಗೂ ಕೇಳುವ ಹಾಗೆ, ನನ್ನ ತಂಗಿ ನರಳದೆ ಉಳಿಸಿಕೊಂಡ ನರಳಾಟವನ್ನೆಲ್ಲ ನರಳುತ್ತೇನೆ.